ಕೈಯಿಂದ ಕೈಗೆ: ಮೊಬೈಲ್ ಜಾಲದಲ್ಲಿ ಹಸ್ತಾಂತರ

ಕನ್ನಡ ಪಾಠ ಹೇಳುವ ನಾವು ಟೆಲಿಫೋನಿನ ವಿಚಾರ ಬರೆಯಹೊರಟುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಇದಕ್ಕೆ ಎರಡು ಕಾರಣಗಳಿವೆ. ಹೊಸ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲೇ ಇರತಕ್ಕದ್ದು, ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ನಿಲುಕದ್ದು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಹಾಗಲ್ಲವೆಂದು ವಾದ ಮಾಡುವುದಕ್ಕಿಂತ ಒಂದು ವಿಷಯವನ್ನು ಕನ್ನಡದಲ್ಲಿ ಹೇಳಿ ತೋರಿಸುವುದು ಮೇಲು. ಇದು ಮೊದಲನೆಯ ಕಾರಣ. ಎರಡನೆಯದು ಇನ್ನೂ ಹತ್ತಿರದ್ದು. ಕಾಸರಗೋಡಿನವರಾದ ನಮಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರಿನ ಆಸ್ಪತ್ರೆಯೇ ಗತಿ. ರೋಗಿಯನ್ನು ಕರೆದೊಯ್ಯುವ ಆಂಬುಲೆನ್ಸ್ ಹೆದ್ದಾರಿಯಲ್ಲಿ ಓಡುತ್ತಿರುವಾಗ ಒಳಗಿರುವವರು ಡಾಕ್ಟರರೊಡನೆ ಫೋನಿನಲ್ಲಿ ಮಾತನಾಡುತ್ತಿರುತ್ತಾರೆ. ಆ ಮಾತು ನಡುವೆ ತುಂಡಾಗಬಾರದು. ಅದು ತುಂಡಾಗದಂತೆ ನೋಡಿಕೊಳ್ಳುವ ಏರ್ಪಾಡಿಗೆ ಹಸ್ತಾಂತರ ಎಂದು ಹೆಸರು. ಈ ಹಸ್ತಾಂತರ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಅದನ್ನು ಉತ್ತಮಪಡಿಸಲು ಈಚಿನ ವರ್ಷಗಳಲ್ಲಿ ಯಾವ ಹೊಸ ದಾರಿಯನ್ನು ಹುಡುಕಿದ್ದಾರೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

1. ಪದದ ಅರ್ಥ

ಹಸ್ತ + ಅಂತರ = ಹಸ್ತಾಂತರ. ಸವರ್ಣದೀರ್ಘ ಸಂಧಿಯೆಂದು ಎಂಟನೆಯ ತರಗತಿಯವರೂ ಹೇಳಬಲ್ಲರು. ಇಲ್ಲಿ ‘ಅಂತರ’ ಎಂದರೆ ದೂರ ಎಂದಲ್ಲ, ‘ಬೇರೆ’ ಎಂದರ್ಥ. ರೂಪಾಂತರ ಎಂದರೆ ಬೇರೆ ರೂಪ, ಜನ್ಮಾಂತರ ಎಂದರೆ ಬೇರೆ ಜನ್ಮ. ಹಾಗೆಯೇ ಹಸ್ತಾಂತರ ಎಂದರೆ ಬೇರೆ ಕೈಗೆ ಹೋಗುವುದು. ಜಮೀನು ಹಸ್ತಾಂತರವಾಗುತ್ತದೆ, ಅಧಿಕಾರ ಹಸ್ತಾಂತರವಾಗುತ್ತದೆ. ಮೊಬೈಲಿನಲ್ಲಿ ಹಸ್ತಾಂತರವಾಗುವುದು ನಮ್ಮ ಮಾತು. ಒಂದು ಟವರಿನ ಕೈಯಲ್ಲಿದ್ದ ಮಾತನ್ನು ಅದು ನಿಲ್ಲದಂತೆ ಇನ್ನೊಂದು ಟವರಿನ ಕೈಗೆ ಒಪ್ಪಿಸುವುದೇ ಹಸ್ತಾಂತರ.

2. ಜೇನುಗೂಡಿನಂತಹ ಜಾಲ

ಮೊದಲಲ್ಲಿ ಹೀಗಿರಲಿಲ್ಲ. 1946ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಾರುಗಳಿಗೆ ಟೆಲಿಫೋನ್ ಸೇವೆ ಆರಂಭವಾದಾಗ ಎತ್ತರದ ಒಂದೇ ಕಂಬದಿಂದ ಇಡೀ ಊರಿಗೆ ರೇಡಿಯೋ ಅಲೆಗಳನ್ನು ಬಿಡುತ್ತಿದ್ದರು. ಒಂದು ತರಂಗಾಂತರದಲ್ಲಿ ಒಂದು ಮಾತು ಮಾತ್ರ ನಡೆಯಬಹುದು. ಇದ್ದ ತರಂಗಾಂತರಗಳು ಬೆರಳೆಣಿಕೆಯಷ್ಟು. ಹೀಗಾಗಿ ಇಡೀ ನಗರದಲ್ಲಿ ಏಕಕಾಲಕ್ಕೆ ಮಾತನಾಡಬಹುದಾದವರು ಕೆಲವೇ ಮಂದಿ.

ಮರುವರ್ಷ, ಅಂದರೆ 1947ರಲ್ಲಿ, ಬೆಲ್ ಪ್ರಯೋಗಶಾಲೆಯ ಡಗ್ಲಸ್ ರಿಂಗ್ ಎಂಬವರು ಒಂದು ಹೊಸ ಕಲ್ಪನೆಯನ್ನು ಮುಂದಿಟ್ಟರು. ಒಂದು ದೊಡ್ಡ ಕಂಬದ ಬದಲು ಅನೇಕ ಚಿಕ್ಕ ಕಂಬಗಳಿರಲಿ. ಊರನ್ನು ಜೇನುಗೂಡಿನಂತೆ ಆರು ಮೂಲೆಯ ಕೋಶಗಳಾಗಿ ವಿಂಗಡಿಸೋಣ. ಒಂದು ಕೋಶದಲ್ಲಿ ಬಳಸಿದ ತರಂಗಾಂತರವನ್ನು ಸಾಕಷ್ಟು ದೂರದ ಇನ್ನೊಂದು ಕೋಶದಲ್ಲಿ ಮತ್ತೆ ಬಳಸೋಣ ಎಂಬುದು ಅದರ ಸಾರ. ಒಂದೇ ಸೇರು ಅಕ್ಕಿಯಲ್ಲಿ ಊರಿಗೆಲ್ಲ ಊಟ ಹಾಕುವ ಉಪಾಯದಂತೆ ಇದು ಕಂಡಿರಬೇಕು.

ಆದರೆ ಈ ಉಪಾಯದಿಂದ ಒಂದು ಹೊಸ ತೊಡಕು ಹುಟ್ಟಿತು. ಕೋಶ ಚಿಕ್ಕದಾದಷ್ಟೂ ಓಡುವ ವಾಹನ ಅದನ್ನು ಬೇಗ ದಾಟುತ್ತದೆ. ದಾಟಿದೊಡನೆ ಮಾತು ನಿಂತರೆ ಏನು ಪ್ರಯೋಜನ? ಮಾತು ನಿಲ್ಲದಂತೆ ಕೋಶದಿಂದ ಕೋಶಕ್ಕೆ ಕರೆಯನ್ನು ಬದಲಿಸುವ ವ್ಯವಸ್ಥೆಗೆ ಅದೇ ಬೆಲ್ ಪ್ರಯೋಗಶಾಲೆಯ ಏಮಸ್ ಜೋಯೆಲ್ ಅವರಿಗೆ 1972ರಲ್ಲಿ ಪೇಟೆಂಟ್ ದೊರೆಯಿತು. 1973ರ ಏಪ್ರಿಲ್ 3ರಂದು ಮೊಟೊರೋಲಾ ಸಂಸ್ಥೆಯ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಫೋನಿನಲ್ಲಿ ಮೊದಲ ಕರೆ ಮಾಡಿದರು. 1979ರಲ್ಲಿ ಜಪಾನಿನ ಟೋಕಿಯೋದಲ್ಲಿ ಕೋಶಗಳುಳ್ಳ ಜಾಲ ಸಾರ್ವಜನಿಕರಿಗೆ ತೆರೆಯಿತು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರೊಡನೆ ಮಾತನಾಡುವುದರೊಂದಿಗೆ ಮೊಬೈಲ್ ಯುಗ ಆರಂಭವಾಯಿತು. 5ಜಿ ಸೇವೆ ಉದ್ಘಾಟನೆಯಾದದ್ದು 2022ರ ಅಕ್ಟೋಬರ್ 1ರಂದು.

3. ಒಂದು ಲೆಕ್ಕ

ಕಾಸರಗೋಡಿನಿಂದ ಮಂಗಳೂರಿಗೆ ರೈಲುದಾರಿ ಸುಮಾರು 46 ಕಿ.ಮೀ. ರೈಲು ಗಂಟೆಗೆ 90 ಕಿ.ಮೀ. ವೇಗದಲ್ಲಿ ಓಡುತ್ತಿದೆಯೆಂದು ಇಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 25 ಮೀಟರ್. ದಾರಿಯುದ್ದಕ್ಕೂ ಪ್ರತಿಯೊಂದು ಕೋಶದ ಅಗಲ 2 ಕಿ.ಮೀ. ಎಂದು ಲೆಕ್ಕಕ್ಕಾಗಿ ಭಾವಿಸಿದರೆ ಒಂದು ಕೋಶವನ್ನು ದಾಟಲು 80 ಸೆಕೆಂಡು ಸಾಕು. ದಾರಿಯಲ್ಲಿ 23 ಕೋಶಗಳಾದುವು, 22 ಹಸ್ತಾಂತರಗಳಾದುವು. ಕುಂಬಳೆಯಲ್ಲಿ ಆರಂಭವಾದ ಮಾತು ಉಪ್ಪಳ, ಮಂಜೇಶ್ವರ, ಉಳ್ಳಾಲಗಳನ್ನು ದಾಟುವವರೆಗೆ ಎಷ್ಟೋ ಕೈಗಳನ್ನು ಬದಲಿಸಿರುತ್ತದೆ. ಮಾತನಾಡುವವರಿಗೆ ಅದರ ಅರಿವೇ ಇರುವುದಿಲ್ಲ. ಅರಿವಿಗೆ ಬಂದಿತೆಂದರೆ ಎಲ್ಲಿಯೋ ತಪ್ಪಿದೆಯೆಂದೇ ಅರ್ಥ.

4. ಹಸ್ತಾಂತರ ನಡೆಯುವ ಬಗೆ

ಇದರಲ್ಲಿ ಮೂರು ಹಂತಗಳಿವೆ: ಅಳೆಯುವುದು, ತೀರ್ಮಾನಿಸುವುದು, ದಾಟಿಸುವುದು.

ಅಳೆಯುವ ಕೆಲಸ ಮುಖ್ಯವಾಗಿ ಫೋನಿನದು. ನಾವು ಮಾತನಾಡುತ್ತಿರುವಾಗ ಫೋನು ತನ್ನ ಟವರಿನ ಸಿಗ್ನಲ್ಲನ್ನು ಮಾತ್ರವಲ್ಲದೆ ನೆರೆಯ ಟವರುಗಳ ಸಿಗ್ನಲ್ಲನ್ನೂ ಅಳೆಯುತ್ತಲೇ ಇರುತ್ತದೆ. 2ಜಿ ಜಾಲದಲ್ಲಿ ಸುಮಾರು ಅರ್ಧ ಸೆಕೆಂಡಿಗೊಮ್ಮೆ (ಸರಿಯಾಗಿ ಹೇಳುವುದಾದರೆ 480 ಮಿಲಿಸೆಕೆಂಡಿಗೊಮ್ಮೆ) ತನ್ನ ಟವರು ಮತ್ತು ಆರು ನೆರೆ ಟವರುಗಳ ಅಳತೆಯನ್ನು ಅದು ವರದಿ ಮಾಡುತ್ತದೆ. 4ಜಿಯಲ್ಲಿ ನೆರೆಯ ಟವರು ಗೊತ್ತುಪಡಿಸಿದಷ್ಟು ಹೆಚ್ಚು ಬಲವಾಗಿ, ಗೊತ್ತುಪಡಿಸಿದಷ್ಟು ಹೊತ್ತು ಕಂಡಾಗ ವರದಿ ಹೋಗುತ್ತದೆ.

ತೀರ್ಮಾನ ಜಾಲದ್ದು. 4ಜಿಯಲ್ಲಿ ಫೋನನ್ನು ಹಿಡಿದಿರುವ ಟವರು ನೆರೆಯ ಟವರನ್ನು ಮೊದಲು ವಿಚಾರಿಸುತ್ತದೆ: “ಇಂತಹ ಒಂದು ಕರೆ ನಿನ್ನ ಕಡೆಗೆ ಬರುತ್ತಿದೆ, ಜಾಗವಿದೆಯೆ?” ಜಾಗವಿದ್ದರೆ ನೆರೆಯ ಟವರು ಸಿದ್ಧತೆ ಮಾಡಿಕೊಂಡು ಒಪ್ಪಿಗೆ ಕಳುಹಿಸುತ್ತದೆ. ತರುವಾಯ ಫೋನಿಗೆ ಅಪ್ಪಣೆಯಾಗುತ್ತದೆ.

ಮೂರನೆಯದು ದಾಟುವುದು. ಫೋನು ಹಳೆಯ ಟವರನ್ನು ಬಿಟ್ಟು ಹೊಸ ಟವರಿನೊಡನೆ ಹೊಂದಿಕೊಳ್ಳುತ್ತದೆ. ಆ ಕ್ಷಣದಲ್ಲಿ ಹಳೆಯ ಟವರಿಗೆ ಬಂದು ಬಿದ್ದ ಮಾತಿನ ತುಣುಕುಗಳು ಕಳೆದುಹೋಗದಂತೆ ಅದು ಹೊಸ ಟವರಿಗೆ ರವಾನಿಸುತ್ತದೆ. ಕೊನೆಗೆ ಜಾಲದ ಒಳಗಿನ ದಾರಿಯನ್ನೇ ಹೊಸ ಟವರಿನ ಕಡೆಗೆ ತಿರುಗಿಸಲಾಗುತ್ತದೆ. ಎಲ್ಲ ಸರಿಯಾಗಿ ನಡೆದರೆ ಮಾತು ಕಡಿದಿರುವ ಅವಧಿ ಕೆಲವು ಹತ್ತು ಮಿಲಿಸೆಕೆಂಡುಗಳು ಮಾತ್ರ. ಕಣ್ಣು ಮಿಟುಕಿಸುವುದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

5. ಆತುರವೂ ಕೂಡದು, ಆಲಸ್ಯವೂ ಕೂಡದು

ಹಸ್ತಾಂತರ ಎಡವುವುದು ಸಾಮಾನ್ಯವಾಗಿ ಮೂರು ರೀತಿಯಲ್ಲಿ. ತಡವಾದರೆ ಹಳೆಯ ಟವರಿನ ಸಿಗ್ನಲ್ ಪೂರಾ ಕ್ಷೀಣಿಸಿ, ‘ದಾಟು’ ಎಂಬ ಅಪ್ಪಣೆಯೇ ಫೋನಿಗೆ ತಲಪದೆ ಕರೆ ಬಿದ್ದುಹೋಗುತ್ತದೆ. ಆತುರಪಟ್ಟರೆ ಹೊಸ ಟವರಿನಲ್ಲಿ ಕಾಲೂರುವ ಮೊದಲೇ ಸಿಗ್ನಲ್ ಕೈಕೊಡುತ್ತದೆ. ಮೂರನೆಯದು, ತಪ್ಪು ಟವರನ್ನು ಆರಿಸಿಕೊಳ್ಳುವುದು.

ನಮ್ಮ ಜಿಲ್ಲೆಯ ಭೂಮಿ ಇಂತಹ ತಪ್ಪುಗಳಿಗೆ ಎಡೆಮಾಡಿಕೊಡುವಂತಹದು. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿಗಳ ಕಡೆ ರಸ್ತೆ ಒಮ್ಮೆ ಗುಡ್ಡ ಹತ್ತುತ್ತದೆ, ಒಮ್ಮೆ ಕಣಿವೆಗೆ ಇಳಿಯುತ್ತದೆ. ಗುಡ್ಡದ ತುದಿಯಲ್ಲಿ ದೂರದ ಟವರೂ ಬಲವಾಗಿ ಕಾಣುತ್ತದೆ. ಅದನ್ನು ನಂಬಿ ಕೈಬದಲಿಸಿದ ಫೋನು ಮುಂದಿನ ತಿರುವಿನಲ್ಲಿ ಇಳಿದೊಡನೆ ಆ ಟವರು ಮಣ್ಣಿನ ಮರೆಗೆ ಸೇರುತ್ತದೆ.

ಇವಲ್ಲದೆ ಇನ್ನೊಂದು ಉಪದ್ರವವಿದೆ. ಎರಡು ಕೋಶಗಳ ಗಡಿಯಲ್ಲಿ ಎರಡೂ ಸಿಗ್ನಲ್ಲುಗಳು ಸರಿಸುಮಾರು ಸಮನಾಗಿರುತ್ತವೆ. ಒಮ್ಮೆ ಇದು ಮೇಲು, ಒಮ್ಮೆ ಅದು ಮೇಲು. ಫೋನು ಅತ್ತಿಂದಿತ್ತ ಇತ್ತಿಂದತ್ತ ಅಲೆಯತೊಡಗಿದರೆ ಪ್ರತಿ ಸಲವೂ ಜಾಲಕ್ಕೆ ಹೊರೆ, ಮಾತಿಗೆ ತಡೆ. ಇದನ್ನು ತಪ್ಪಿಸಲು ಎರಡು ಕಟ್ಟುಪಾಡುಗಳನ್ನು ಮಾಡಿದ್ದಾರೆ. ಹೊಸ ಟವರು ಸ್ವಲ್ಪ ಮೇಲಾದರೆ ಸಾಲದು, ಇಷ್ಟು ಪ್ರಮಾಣದಲ್ಲಿ ಮೇಲಾಗಿರಬೇಕು. ಉದಾಹರಣೆಗೆ 3 ಡೆಸಿಬೆಲ್ ಎಂದಿಟ್ಟರೆ ಸುಮಾರು ಎರಡು ಪಟ್ಟು ಬಲವಾಗಿರಬೇಕು ಎಂದರ್ಥ. ಅಲ್ಲದೆ ಆ ಮೇಲ್ಮೆ ಒಂದು ಕ್ಷಣದ್ದಾಗಿರದೆ ಇಷ್ಟು ಹೊತ್ತು ಉಳಿದಿರಬೇಕು. ಹೆಣ್ಣು ಗಂಡು ನೋಡುವವರು ಒಂದೇ ಭೇಟಿಗೆ ಮಾತು ಕೊಡದೆ ನಾಲ್ಕು ದಿನ ಕಾಯುವ ಹಾಗೆ!

ಆದರೆ ಕಾಯುವುದಕ್ಕೂ ಮಿತಿಯಿದೆ. ನಡೆದುಹೋಗುವವರು ಒಂದು ಸೆಕೆಂಡಿನಲ್ಲಿ ಒಂದೂವರೆ ಮೀಟರು ಹೋದಾರು. ನಮ್ಮ ರೈಲು 25 ಮೀಟರು ಹೋಗಿರುತ್ತದೆ. ನಡೆಯುವವನಿಗೆ ಹಿತವಾದ ಕಾಯುವಿಕೆ ರೈಲಿನವನಿಗೆ ಘಾತಕ. ಎಲ್ಲರಿಗೂ ಒಂದೇ ನಿಯಮ ಹಾಕಿದರೆ ಒಬ್ಬರಿಗಾದರೂ ಅನ್ಯಾಯವಾಗುತ್ತದೆ. ಹಸ್ತಾಂತರವನ್ನು ಉತ್ತಮಪಡಿಸುವ ಪ್ರಯತ್ನಗಳಿಗೆಲ್ಲ ಮೂಲ ಇಲ್ಲಿದೆ.

6. ಬಿಟ್ಟು ಹಿಡಿಯುವುದು, ಹಿಡಿದು ಬಿಡುವುದು

ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ನೋಡಿದ ಮಕ್ಕಳಿಗೆ ಈ ಭೇದ ಸುಲಭವಾಗಿ ತಿಳಿಯುತ್ತದೆ. ನಡುರಾತ್ರಿಯಲ್ಲಿ ಭಾಗವತರು ಬದಲಾಗುತ್ತಾರೆ. ಒಬ್ಬರು ಎದ್ದು ಜಾಗಟೆಯನ್ನು ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಅಷ್ಟರಲ್ಲಿ ಆಟ ನಿಲ್ಲುವುದಿಲ್ಲ. ಶ್ರುತಿ ಮುಂದುವರಿಯುತ್ತಿರುತ್ತದೆ, ಚೆಂಡೆ ಮದ್ದಳೆಗಳು ತಾಳವನ್ನು ಬಿಡದೆ ಹಿಡಿದಿರುತ್ತವೆ.

ಮೊಬೈಲಿನಲ್ಲಿಯೂ ಹೀಗೆ ಎರಡು ಪದ್ಧತಿಗಳಿವೆ. ಹಳೆಯದನ್ನು ಬಿಟ್ಟ ಮೇಲೆ ಹೊಸದನ್ನು ಹಿಡಿಯುವುದು ಒಂದು. 2ಜಿಯೂ 4ಜಿಯೂ ಈ ಪದ್ಧತಿಯವು. ಹೊಸದನ್ನು ಹಿಡಿದ ಮೇಲೆ ಹಳೆಯದನ್ನು ಬಿಡುವುದು ಇನ್ನೊಂದು. ಸಿಡಿಎಂಎ ಮತ್ತು 3ಜಿ ಜಾಲಗಳಲ್ಲಿ ಫೋನು ಕೆಲವು ಕಾಲ ಎರಡು ಮೂರು ಟವರುಗಳೊಡನೆ ಒಟ್ಟಿಗೆ ಮಾತನಾಡಬಲ್ಲುದು. ಎರಡು ದೋಣಿಯಲ್ಲಿ ಕಾಲಿಡಬಾರದೆಂಬುದು ಗಾದೆ. ಆದರೆ ದೋಣಿಯಿಂದ ದೋಣಿಗೆ ದಾಟುವ ಆ ಒಂದು ಗಳಿಗೆಯಲ್ಲಿ ಎರಡರಲ್ಲೂ ಕಾಲಿಡಲೇಬೇಕಲ್ಲವೆ? ಎರಡನೆಯ ಪದ್ಧತಿ ಹಿತವಾದದ್ದು. ಆದರೆ ಒಬ್ಬರ ಮಾತಿಗೆ ಎರಡು ಟವರುಗಳ ಜಾಗ ಬೇಕಾಗುವುದರಿಂದ ದುಬಾರಿ. 2020ರಲ್ಲಿ ಸಿದ್ಧವಾದ 5ಜಿಯ ಹದಿನಾರನೆಯ ಆವೃತ್ತಿಯ ನಿಯಮಗಳಲ್ಲಿ ಈ ಹಿಡಿದು ಬಿಡುವ ಪದ್ಧತಿಯ ಒಂದು ಹೊಸ ರೂಪಕ್ಕೆ ಮತ್ತೆ ಎಡೆ ಕೊಟ್ಟಿದ್ದಾರೆ. ಸಿಗ್ನಲ್ ಚೆನ್ನಾಗಿರುವಾಗಲೇ ಫೋನಿಗೆ ಅಪ್ಪಣೆಯನ್ನು ಮುಂಗಡವಾಗಿ ಕೊಟ್ಟು, ‘ಇಂತಹ ಸ್ಥಿತಿ ಬಂದಾಗ ನೀನೇ ದಾಟು’ ಎಂದು ಹೇಳಿಡುವ ಕ್ರಮವೂ ಅದರಲ್ಲಿದೆ. ಅಪ್ಪಣೆ ತಲಪದೆ ಕರೆ ಬೀಳುವ ಕಷ್ಟಕ್ಕೆ ಇದು ಮದ್ದು.

7. ಸೇವೆಯ ಗುಣಮಟ್ಟ ಎಂದರೇನು?

ಕರೆ ಬೀಳದಿದ್ದರೆ ಸಾಕೆ? ಸಾಲದು. ಮಾತು ತಡವಾಗಿ ತಲಪಬಾರದು, ಅಕ್ಷರ ನುಂಗಬಾರದು, ನಡುಗಬಾರದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆಯಂತೆ ಮಾತು ಒಬ್ಬರ ಬಾಯಿಯಿಂದ ಇನ್ನೊಬ್ಬರ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲಪಿದರೆ ಸಂಭಾಷಣೆ ಸಹಜವಾಗಿರುತ್ತದೆ. ಅದಕ್ಕಿಂತ ಬಹಳ ತಡವಾದರೆ ಇಬ್ಬರೂ ಒಟ್ಟಿಗೆ ಮಾತನಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ.

ಎಲ್ಲ ಸೇವೆಗೂ ಅಗತ್ಯ ಒಂದೇ ಅಲ್ಲ. 4ಜಿಯ ನಿಯಮಗಳನ್ನೇ ನೋಡಿರಿ. ಮಾತಿನ ತುಣುಕಿಗೆ ಕೊಟ್ಟ ಕಾಲಮಿತಿ 100 ಮಿಲಿಸೆಕೆಂಡು. ಆದರೆ ನೂರರಲ್ಲಿ ಒಂದು ತುಣುಕು ಕಳೆದರೂ ಪರವಾಗಿಲ್ಲ. ಸಾಮಾನ್ಯ ಡೇಟಾಕ್ಕೆ 300 ಮಿಲಿಸೆಕೆಂಡಿನವರೆಗೆ ಅವಕಾಶವುಂಟು. ಆದರೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಹೆಚ್ಚು ಕಳೆಯಬಾರದು. ಕಾರಣ ಸ್ಪಷ್ಟ. ‘ನಮಸ್ಕಾರ’ ಎಂಬುದರಲ್ಲಿ ಒಂದು ಚೂರು ಹೋದರೂ ನಮ್ಮ ಕಿವಿ ಅದನ್ನು ತುಂಬಿಕೊಳ್ಳುತ್ತದೆ. ಪರೀಕ್ಷೆಯ ಅಂಕಪಟ್ಟಿಯಲ್ಲಿ ಒಂದು ಅಂಕೆ ಹೋದರೆ ತುಂಬಿಕೊಳ್ಳುವವರು ಯಾರು? ಮಾತಿಗೆ ವೇಗ ಮುಖ್ಯ, ಕಡತಕ್ಕೆ ನಿಖರತೆ ಮುಖ್ಯ. ಹಸ್ತಾಂತರದ ಹೊತ್ತಿನಲ್ಲಿ ಯಾವುದಕ್ಕೆ ಮೊದಲು ದಾರಿ ಬಿಡಬೇಕು ಎಂಬ ವಿವೇಕ ಜಾಲಕ್ಕೆ ಇರಬೇಕು.

8. ತೀರ್ಮಾನ ಯಾರ ಕೈಯಲ್ಲಿ?

ಈಗ ಮುಖ್ಯ ಪ್ರಶ್ನೆಗೆ ಬರೋಣ. 2ಜಿ ಮತ್ತು 3ಜಿಗಳಲ್ಲಿ ಹತ್ತಾರು ಟವರುಗಳ ಮೇಲೆ ಒಂದು ನಿಯಂತ್ರಕ ಯಂತ್ರವಿದ್ದು ತೀರ್ಮಾನದ ಭಾರ ಹೆಚ್ಚಾಗಿ ಅದರ ಮೇಲಿತ್ತು. 4ಜಿ ಬಂದಾಗ ವೇಗಕ್ಕಾಗಿ ಆ ಯಂತ್ರವನ್ನು ತೆಗೆದುಹಾಕಿ ಟವರುಗಳಿಗೇ ಬುದ್ಧಿಯನ್ನು ಹಂಚಿದರು. ವೇಗವೇನೋ ಬಂತು. ಆದರೆ ಪ್ರತಿಯೊಂದು ಟವರಿಗೂ ತನ್ನ ಅಂಗಳ ಮತ್ತು ನೆರೆಯವರ ಬೇಲಿ ಮಾತ್ರ ಕಾಣುತ್ತದೆ. ಜಾತ್ರೆಯ ದಿನ ಒಂದು ಟವರಿನಲ್ಲಿ ಕಾಲಿಡಲು ಜಾಗವಿಲ್ಲ, ಮೂರನೆಯ ಟವರು ಖಾಲಿ ಕುಳಿತಿದೆ ಎಂಬಂತಹ ಇಡೀ ಸೀಮೆಯ ಚಿತ್ರ ಯಾರ ಕಣ್ಣಿಗೂ ಒಟ್ಟಾಗಿ ಬೀಳುವುದಿಲ್ಲ.

ಇದಕ್ಕೆ ಪರಿಹಾರದ ದಾರಿ ದೊರೆತದ್ದು ತಂತಿಯ ಜಾಲಗಳಿಂದ. ಕಂಪ್ಯೂಟರ್ ಜಾಲದ ಪ್ರತಿಯೊಂದು ಕವಲಿನಲ್ಲೂ ಒಂದು ಯಂತ್ರವಿರುತ್ತದೆ. ಅದಕ್ಕೆ ಎರಡು ಕೆಲಸ: ಬಂದ ತುಣುಕು ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವುದು, ಆ ದಾರಿಗೆ ಅದನ್ನು ತಳ್ಳುವುದು. ಎರಡೂ ಕೆಲಸಗಳು ಒಂದೇ ಪೆಟ್ಟಿಗೆಯಲ್ಲಿ ಬೆಸೆದುಕೊಂಡಿದ್ದುವು. 2008ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ನಿಕ್ ಮೆಕಿಯೋನ್ ಮತ್ತು ಅವರ ಸಂಗಡಿಗರು ‘ಓಪನ್‌ಫ್ಲೋ’ ಎಂಬ ಪದ್ಧತಿಯನ್ನು ಪ್ರಕಟಿಸಿದರು. ತಳ್ಳುವ ಕೆಲಸ ಪೆಟ್ಟಿಗೆಯಲ್ಲಿಯೇ ಇರಲಿ. ತೀರ್ಮಾನದ ಕೆಲಸವನ್ನು ಹೊರತೆಗೆದು ಇಡೀ ಜಾಲವನ್ನು ನೋಡಬಲ್ಲ ಒಂದು ತಂತ್ರಾಂಶಕ್ಕೆ ಒಪ್ಪಿಸೋಣ ಎಂಬುದು ಇದರ ತಿರುಳು. ಆ ತಂತ್ರಾಂಶವನ್ನು ನಿಯಂತ್ರಕ ಎನ್ನುತ್ತಾರೆ. ಇಂತಹ ಜಾಲವನ್ನು ತಂತ್ರಾಂಶ-ನಿಯಂತ್ರಿತ ಜಾಲ ಎನ್ನಬಹುದು.

ರೈಲ್ವೆಯ ಹೋಲಿಕೆಯಿಂದ ಇದು ಮನಸ್ಸಿಗೆ ಹತ್ತುತ್ತದೆ. ಮಂಜೇಶ್ವರದ ಸ್ಟೇಶನ್ ಮಾಸ್ತರರಿಗೆ ತಮ್ಮ ಸ್ಟೇಶನಿನ ಹಳಿಗಳು ಗೊತ್ತು, ಆಚೀಚಿನ ಸ್ಟೇಶನಿನವರೊಡನೆ ಮಾತೂ ಇದೆ. ಆದರೆ ಯಾವ ಗಾಡಿ ಎಲ್ಲಿ ತಡವಾಗಿದೆ, ಯಾವುದನ್ನು ಎಲ್ಲಿ ನಿಲ್ಲಿಸಿ ಯಾವುದಕ್ಕೆ ದಾರಿ ಬಿಡಬೇಕು ಎಂಬ ಇಡೀ ಚಿತ್ರ ಕಾಣುವುದು ಪಾಲಕ್ಕಾಡ್ ವಿಭಾಗದ ಕಂಟ್ರೋಲ್ ಕೊಠಡಿಯಲ್ಲಿ ಕುಳಿತವರಿಗೆ. ಹಳಿ ಬದಲಿಸುವುದು ಸ್ಥಳದಲ್ಲಿ, ಯೋಜನೆ ಅಲ್ಲಿ.

9. ನಿಸ್ತಂತು ಜಾಲದಲ್ಲಿ ಇದರ ಪ್ರಯೋಗ

ವೈಫೈಯಲ್ಲಿ ಹಸ್ತಾಂತರದ ಕಷ್ಟ ಇನ್ನೂ ಹೆಚ್ಚು. ಅಲ್ಲಿ ತೀರ್ಮಾನ ಜಾಲದ್ದಲ್ಲ, ಫೋನಿನದೇ. ಹಳೆಯ ಪೆಟ್ಟಿಗೆಯ ಸಿಗ್ನಲ್ ತೀರಾ ಕ್ಷೀಣಿಸಿದ ಮೇಲೆ ಫೋನು ಒಂದೊಂದೇ ಚಾನಲಿನಲ್ಲಿ ‘ಯಾರಿದ್ದೀರಿ?’ ಎಂದು ಕೂಗುತ್ತ ಹುಡುಕುತ್ತದೆ. ಈ ಹುಡುಕಾಟವೇ ಹಸ್ತಾಂತರದ ಒಟ್ಟು ಸಮಯದಲ್ಲಿ ಶೇಕಡಾ 90ಕ್ಕಿಂತ ಹೆಚ್ಚನ್ನು ನುಂಗುತ್ತದೆಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ದೊಡ್ಡ ಆಸ್ಪತ್ರೆಯ ಓಣಿಯಲ್ಲಿ ನಡೆಯುತ್ತ ವೈಫೈಯಲ್ಲಿ ಮಾತನಾಡುವವರ ಸ್ವರ ಒಮ್ಮೆಗೇ ಮಾಯವಾಗುವುದು ಇದರಿಂದಲೇ.

2012ರಲ್ಲಿ ಜರ್ಮನಿಯ ಬರ್ಲಿನ್ನಿನ ಸಂಶೋಧಕರು ‘ಓಡಿನ್’ ಎಂಬ ಹೆಸರಿನಲ್ಲಿ ಒಂದು ಜಾಣ ಉಪಾಯವನ್ನು ತೋರಿಸಿದರು. ನಿಯಂತ್ರಕವು ಪ್ರತಿಯೊಂದು ಫೋನಿಗೂ ಅದರದೇ ಆದ ಒಂದು ಕಲ್ಪಿತ ವೈಫೈ ಪೆಟ್ಟಿಗೆಯನ್ನು ಸೃಷ್ಟಿಸುತ್ತದೆ. ಫೋನು ನಡೆದುಹೋದಂತೆ ಈ ಕಲ್ಪಿತ ಪೆಟ್ಟಿಗೆಯೇ ಒಂದು ನಿಜವಾದ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾರುತ್ತ ಹಿಂಬಾಲಿಸುತ್ತದೆ. ಫೋನಿಗೆ ತಾನು ಸದಾ ಒಂದೇ ಪೆಟ್ಟಿಗೆಯ ಬಳಿ ಇದ್ದೇನೆಂಬ ನಂಬಿಕೆ! ಹುಡುಕಾಟವೂ ಇಲ್ಲ, ಮರುಪರಿಚಯವೂ ಇಲ್ಲ. ಚಂದ್ರ ನಮ್ಮ ಜೊತೆಯಲ್ಲೇ ಬರುತ್ತಾನೆಂದು ಮಗು ತಿಳಿಯುವಂತೆ.

ಸ್ಟ್ಯಾನ್‌ಫರ್ಡಿನ ‘ಓಪನ್‌ರೋಡ್ಸ್’ ಎಂಬ ಪ್ರಯೋಗದಲ್ಲಿ ಒಂದೇ ವಿಡಿಯೋದ ಪ್ರತಿಗಳನ್ನು ವೈಫೈ ಮತ್ತು ವೈಮ್ಯಾಕ್ಸ್ ಎಂಬ ಎರಡು ಬೇರೆ ಬೇರೆ ಜಾಲಗಳಲ್ಲಿ ಒಟ್ಟಿಗೆ ಕಳುಹಿಸಿ, ಒಂದರಲ್ಲಿ ಕಳೆದದ್ದು ಇನ್ನೊಂದರಲ್ಲಿ ದೊರೆಯುವಂತೆ ಮಾಡಿದರು. 2013ರಲ್ಲಿ ಅಲ್ಲಿಯವರೇ ‘ಸಾಫ್ಟ್‌ರ್‍ಯಾನ್’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಒಂದು ಪ್ರದೇಶದ ಮೊಬೈಲ್ ಟವರುಗಳನ್ನೆಲ್ಲ ಒಂದೇ ‘ದೊಡ್ಡ ಟವರು’ ಎಂದು ಭಾವಿಸಿ ನಿಯಂತ್ರಕ ವ್ಯವಹರಿಸತಕ್ಕದ್ದು. ಇದರ ವಿಂಗಡಣೆ ಗಮನಾರ್ಹವಾದದ್ದು. ಯಾವ ತೀರ್ಮಾನದಿಂದ ನೆರೆಯ ಟವರಿಗೆ ಪರಿಣಾಮವಾಗುತ್ತದೋ ಅದು ನಿಯಂತ್ರಕದ್ದು. ಹಸ್ತಾಂತರ ಈ ಗುಂಪಿಗೆ ಸೇರಿತು. ಯಾವುದರ ಪರಿಣಾಮ ತನ್ನ ಅಂಗಳದಲ್ಲಿಯೇ ಮುಗಿಯುತ್ತದೋ ಅದು ಆಯಾ ಟವರಿನದು. ಮನೆಯ ಅಡುಗೆ ಮನೆಯವರ ಇಷ್ಟ, ಊರ ತೋಡಿನ ನೀರು ಊರವರ ತೀರ್ಮಾನ ಎಂಬ ನಮ್ಮ ಹಳೆಯ ನ್ಯಾಯವೇ ಇಲ್ಲಿಯೂ ಇದೆ.

10. ಇದರಿಂದಾಗುವ ಪ್ರಯೋಜನ

ನಮ್ಮ ಆಂಬುಲೆನ್ಸಿನ ಉದಾಹರಣೆಗೆ ಮರಳೋಣ. ನಿಯಂತ್ರಕಕ್ಕೆ ಇಡೀ ಹೆದ್ದಾರಿಯ ಟವರುಗಳು ಕಾಣುತ್ತಿವೆಯೆಂದು ಇಟ್ಟುಕೊಳ್ಳಿ. ಫೋನು ಉತ್ತರದಿಕ್ಕಿಗೆ ವೇಗವಾಗಿ ಚಲಿಸುತ್ತಿದೆಯೆಂದು ಹಿಂದಿನ ಹಸ್ತಾಂತರಗಳಿಂದಲೇ ಅದು ಊಹಿಸಬಲ್ಲುದು. ಮುಂದಿನ ಟವರಿನಲ್ಲಿ ಜಾಗವನ್ನು ಮೊದಲೇ ಕಾದಿರಿಸಬಹುದು. ಜಾಲದ ಒಳದಾರಿಯನ್ನು ಫೋನು ದಾಟುವ ಮುನ್ನವೇ ಸಿದ್ಧಪಡಿಸಬಹುದು. ಮುಂದಿನ ಟವರು ತುಂಬಿತುಳುಕುತ್ತಿದ್ದರೆ ಅಲ್ಲಿ ನಿಂತಲ್ಲೇ ಸಿನಿಮಾ ನೋಡುತ್ತಿರುವ ನಾಲ್ಕು ಮಂದಿಯನ್ನು ಪಕ್ಕದ ಟವರಿಗೆ ಸರಿಸಿ ತುರ್ತು ಮಾತಿಗೆ ಜಾಗ ಮಾಡಬಹುದು. ನಡೆಯುವವನಿಗೆ ಒಂದು ನಿಯಮ, ಓಡುವವನಿಗೆ ಬೇರೆ ನಿಯಮ ಹಾಕಬಹುದು. ಕೇವಲ ‘ಯಾವ ಸಿಗ್ನಲ್ ಬಲವಾದದ್ದು?’ ಎಂದು ಕೇಳುತ್ತಿದ್ದ ಜಾಲ ಈಗ ‘ಯಾರಿಗೆ ಯಾವ ಸೇವೆ ಬೇಕು, ಎಲ್ಲಿ ಜಾಗವಿದೆ, ಎತ್ತ ಹೋಗುತ್ತಿದ್ದಾರೆ?’ ಎಂದೂ ಕೇಳಬಲ್ಲುದಾಗುತ್ತದೆ. ಹಸ್ತಾಂತರವೂ ಸೇವೆಯ ಗುಣಮಟ್ಟವೂ ಕೂಡಿಯೇ ಸುಧಾರಿಸುವುದು ಹೀಗೆ.

11. ಮಿತಿಗಳು

ಒಂದೇ ಮಗ್ಗುಲನ್ನು ಹೇಳಿ ಮುಗಿಸುವುದು ಪಾಠದ ಧರ್ಮವಲ್ಲ. ನಿಯಂತ್ರಕ ದೂರದಲ್ಲಿದ್ದರೆ ಅದನ್ನು ಕೇಳಿ ಬರುವುದಕ್ಕೆ ಹೊತ್ತು ಬೇಕು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. 600 ಕಿ.ಮೀ. ದೂರಕ್ಕೆ ಹೋಗಿ ಬರಲು 6 ಮಿಲಿಸೆಕೆಂಡು. ಯೋಚಿಸುವ ಸಮಯ ಬೇರೆ. ಹಸ್ತಾಂತರಕ್ಕೆ ಇದು ಸಹ್ಯ. ಆದರೆ 4ಜಿ ಟವರು ಯಾರಿಗೆ ಯಾವ ತುಣುಕು ಎಂದು ಪ್ರತಿ 1 ಮಿಲಿಸೆಕೆಂಡಿಗೆ ಹಂಚುತ್ತಿರುತ್ತದೆ. ಅದನ್ನೂ ದೂರದವರನ್ನು ಕೇಳಿ ಮಾಡುತ್ತೇನೆಂದರೆ ಕೆಲಸ ಕೆಟ್ಟೀತು. ಆದುದರಿಂದ 2018ರಲ್ಲಿ ಸ್ಥಾಪನೆಯಾದ ಓ-ರ್‍ಯಾನ್ ಒಕ್ಕೂಟವು ನಿಯಂತ್ರಕವನ್ನೇ ಎರಡಾಗಿ ವಿಭಾಗಿಸಿದೆ. 10 ಮಿಲಿಸೆಕೆಂಡಿನಿಂದ 1 ಸೆಕೆಂಡಿನೊಳಗೆ ಆಗಬೇಕಾದ ತೀರ್ಮಾನಗಳಿಗೆ ಹತ್ತಿರದ ನಿಯಂತ್ರಕ. ಒಂದು ಸೆಕೆಂಡಿಗಿಂತ ನಿಧಾನವಾದರೂ ಆಗುವ ಯೋಜನೆ, ಕಲಿಕೆಗಳಿಗೆ ದೂರದ ನಿಯಂತ್ರಕ. ಅದಕ್ಕಿಂತ ತುರ್ತಿನದು ಟವರಿನ ಬಳಿಯಲ್ಲಿಯೇ.

ಇನ್ನೊಂದು ಅಪಾಯ, ಎಲ್ಲ ಬುದ್ಧಿಯೂ ಒಂದೆಡೆ ಇದ್ದು ಅದೇ ಕೆಟ್ಟರೆ ಇಡೀ ಸೀಮೆ ಮೂಕವಾಗುವುದು. ಅದಕ್ಕಾಗಿ ಒಂದರ ಬೆನ್ನಿಗೆ ಇನ್ನೊಂದು ನಿಯಂತ್ರಕವನ್ನು ಇಡಬೇಕಾಗುತ್ತದೆ. ಅವುಗಳೊಳಗೆ ಭಿನ್ನಾಭಿಪ್ರಾಯ ಬಾರದಂತೆ ನೋಡಿಕೊಳ್ಳುವುದೇ ಒಂದು ಶಾಸ್ತ್ರ. ಯಾರು ಎಲ್ಲಿಗೆ ಹೋಗುತ್ತಾರೆಂಬುದೆಲ್ಲ ಒಂದೆಡೆ ತಿಳಿಯುವುದರಿಂದ ಜನರ ಖಾಸಗಿ ವಿಚಾರವನ್ನು ಕಾಪಾಡುವ ಹೊಣೆಯೂ ಹೆಚ್ಚುತ್ತದೆ.

ಕೊನೆಯದಾಗಿ, ತಂತ್ರಾಂಶ ಎಷ್ಟೇ ಜಾಣವಾಗಿರಲಿ, ಟವರಿಲ್ಲದ ಕಣಿವೆಯಲ್ಲಿ ಅದು ಸಿಗ್ನಲ್ಲನ್ನು ಹುಟ್ಟಿಸಲಾರದು. 2020ರಲ್ಲಿ ಶಾಲೆ ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ ಪುಸ್ತಕ ಹಿಡಿದು ಗುಡ್ಡ ಹತ್ತಿದ ಮಕ್ಕಳ ಕಷ್ಟಕ್ಕೆ ಹಸ್ತಾಂತರ ಮದ್ದಲ್ಲ. ಅವರಿಗೆ ಬೇಕಾದದ್ದು ಹಿಡಿಯಲು ಒಂದು ಕೈ.

12. ಗಡಿಯವರು ತಿಳಿದಿರಬೇಕಾದದ್ದು

ದೂರಸಂಪರ್ಕದ ಲೆಕ್ಕದಲ್ಲಿ ಕೇರಳ ಒಂದು ವಲಯ, ಕರ್ನಾಟಕ ಇನ್ನೊಂದು. ತಲಪಾಡಿಯ ಈಚೆ ಒಂದು, ಆಚೆ ಒಂದು. ಟವರು ತನ್ನ ನೆರೆಯವರ ಪಟ್ಟಿಯಲ್ಲಿ ಇಲ್ಲದ ಟವರಿಗೆ ಕರೆಯನ್ನು ಒಪ್ಪಿಸಲಾರದು. ಆದುದರಿಂದ ಎರಡು ವಲಯಗಳವರು ಪರಸ್ಪರ ಪಟ್ಟಿಗಳನ್ನು ಹೊಂದಿಸಿಕೊಳ್ಳದಿದ್ದರೆ, ಎರಡೂ ಕಡೆ ಸಿಗ್ನಲ್ ತುಂಬಿರುವಾಗಲೇ ಮಾತು ಬೀಳಬಹುದು.

ಹೆತ್ತವರು ದೂರು ಕೊಡುವಾಗ ‘ನೆಟ್‌ವರ್ಕ್ ಸರಿಯಿಲ್ಲ’ ಎಂದಷ್ಟೇ ಹೇಳದಿರಲಿ. ಒಂದೇ ಜಾಗದಲ್ಲಿ ನಿಂತರೂ ಮಾತು ಬೀಳುತ್ತದೆಯಾದರೆ ಅದು ಸಿಗ್ನಲ್ಲಿನ ಕೊರತೆ. ನಿಂತಾಗ ಸರಿಯಿದ್ದು, ವಾಹನದಲ್ಲಿ ಅದೇ ಜಾಗವನ್ನು ದಾಟುವಾಗ ಮಾತ್ರ ಮತ್ತೆ ಮತ್ತೆ ಬೀಳುವುದಾದರೆ ಹಸ್ತಾಂತರದ ಮೇಲೆ ಸಂಶಯಪಡಬೇಕು. ಸ್ಥಳ, ಸಮಯ, ಹೋಗುತ್ತಿದ್ದ ದಿಕ್ಕು, ಈ ಮೂರನ್ನು ಬರೆದುಕೊಟ್ಟರೆ ಎಂಜಿನಿಯರರಿಗೆ ಹುಡುಕಲು ದಾರಿಯಾಗುತ್ತದೆ. ಬಿದ್ದುಹೋಗುವ ಕರೆಗಳು ಶೇಕಡಾ 2ನ್ನು ಮೀರಬಾರದೆಂದು ಟ್ರಾಯ್ ಸಂಸ್ಥೆ 2009ರ ನಿಯಮದಲ್ಲಿಯೇ ಹೇಳಿದೆ. ಕೇಳುವುದಕ್ಕೆ ನಮಗೆ ಹಕ್ಕಿದೆ. ಆದರೆ ಪರವಾನಿಗೆಯಿಲ್ಲದ ಬೂಸ್ಟರುಗಳನ್ನು ಮನೆಯಲ್ಲಿ ಇಡಕೂಡದು. ಅದು ಕಾನೂನಿಗೆ ವಿರುದ್ಧ. ನೆರೆಕರೆಯವರ ಮಾತಿಗೂ ಕೇಡು.

ವಿದ್ಯಾರ್ಥಿಗಳೇ, ಈ ವಿದ್ಯೆಯಲ್ಲಿ ಇನ್ನೂ ಮಾಡಬೇಕಾದ ಕೆಲಸ ಬಹಳವಿದೆ. ಯಾವುದನ್ನು ಒಂದೆಡೆ ತೀರ್ಮಾನಿಸಬೇಕು, ಯಾವುದನ್ನು ಅಲ್ಲಲ್ಲಿಗೆ ಬಿಡಬೇಕು ಎಂಬ ಪ್ರಶ್ನೆ ಪೂರ್ತಿ ಬಿಡಿಸಿದ ಲೆಕ್ಕವಲ್ಲ. ಅದನ್ನು ಬಿಡಿಸುವವರಲ್ಲಿ ಗಡಿನಾಡಿನ ಕನ್ನಡ ಶಾಲೆಯ ಮಕ್ಕಳೂ ಇರಲಿ ಎಂಬುದು ನಮ್ಮ ಹಾರೈಕೆ. ಗಣಿತವನ್ನೂ ಭೌತಶಾಸ್ತ್ರವನ್ನೂ ಗಟ್ಟಿಮಾಡಿಕೊಳ್ಳಿರಿ. ತಿಳಿದುದನ್ನು ನಿಮ್ಮ ಭಾಷೆಯಲ್ಲಿ ಹೇಳುವ ಅಭ್ಯಾಸವನ್ನು ಬಿಡದಿರಿ.

ಅಭ್ಯಾಸ

1. ‘ಹಸ್ತಾಂತರ’ ಪದದಂತೆ ‘ಬೇರೆ’ ಎಂಬ ಅರ್ಥದಲ್ಲಿ ‘ಅಂತರ’ ಬರುವ ಇನ್ನೂ ಮೂರು ಪದಗಳನ್ನು ಬರೆಯಿರಿ.
2. ಗಂಟೆಗೆ 72 ಕಿ.ಮೀ. ವೇಗದ ಬಸ್ಸು 1.5 ಕಿ.ಮೀ. ಅಗಲದ ಕೋಶವನ್ನು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ? (ಉತ್ತರ: 75)
3. ಅದೇ ಬಸ್ಸಿನಲ್ಲಿರುವ ಫೋನು 480 ಮಿಲಿಸೆಕೆಂಡಿಗೊಮ್ಮೆ ವರದಿ ಮಾಡಿದರೆ ಎರಡು ವರದಿಗಳ ನಡುವೆ ಬಸ್ಸು ಎಷ್ಟು ದೂರ ಹೋಗಿರುತ್ತದೆ? (ಉತ್ತರ: 9.6 ಮೀಟರ್)
4. ಮಾತಿಗೂ ಕಡತಕ್ಕೂ ಜಾಲವು ಬೇರೆ ಬೇರೆ ನಿಯಮಗಳನ್ನು ಇಟ್ಟುಕೊಂಡಿರುವುದು ಏಕೆ?
5. ನಿಮ್ಮ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಮಾತು ತುಂಡಾಗುವ ಸ್ಥಳಗಳನ್ನು ಹಿರಿಯರಿಂದ ಕೇಳಿ ಒಂದು ನಕ್ಷೆಯಲ್ಲಿ ಗುರುತಿಸಿರಿ. ಯಾವುದು ಸಿಗ್ನಲ್ಲಿನ ಕೊರತೆ, ಯಾವುದು ಹಸ್ತಾಂತರದ ದೋಷವಿರಬಹುದು ಎಂದು ಕಾರಣಸಹಿತ ವಿವರಿಸಿರಿ.